ಮನೆಗೊಂದು ಜಾತ್ರೆ, ಮಳೆ, ಆರಾಧನೆಯ ಕ್ಯಾಲೆಂಡರ್: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೆ

ಅಂಗಡಿಯಲ್ಲಿ ಸಿಗುವ ಕ್ಯಾಲೆಂಡರ್‌ನಲ್ಲಿ ರಾಹುಕಾಲ ಇರುತ್ತದೆ, ಏಕಾದಶಿ ಇರುತ್ತದೆ, ಸರ್ಕಾರಿ ರಜೆ ಕೆಂಪಕ್ಷರದಲ್ಲಿ ಇರುತ್ತದೆ. ಆದರೆ ಚೀಕಲಪರ್ವಿ ವಿಜಯದಾಸರ ಆರಾಧನೆ, ಮುದಗಲ್ ಮೊಹರಂ, ಹುಲಿಗೆಮ್ಮನ ತೇರು, ನಿಮ್ಮ ಅವ್ವನ ತವರೂರಿನ ಜಾತ್ರೆ, ಹುಬ್ಬಿ ಮಳೆ ಕೂಡುವ ದಿನ, ಇವೆಲ್ಲ ಒಂದೇ ಹಾಳೆಯ ಮೇಲೆ ಎಲ್ಲಿಯೂ ಸಿಗುವುದಿಲ್ಲ. ನಮಗೆ ಬೇಕಾಗಿರುವುದು ಅದೇ ಅಲ್ವಾ? ಹಾಗಾಗಿ ಅದನ್ನು ನಾವೇ ಮಾಡಿಕೊಳ್ಳಬೇಕು. ಕಷ್ಟದ ಕೆಲಸ ಏನಲ್ಲ. ಒಮ್ಮೆ ಸರಿಯಾಗಿ ಮಾಡಿದರೆ ಮುಂದಿನ ವರ್ಷದಿಂದ ಅರ್ಧ ದಿನದ ಕೆಲಸ ಅಷ್ಟೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನವರು ಯಾವ ಜಾತ್ರೆಯನ್ನೂ ಇಂಗ್ಲಿಷ್ ತಾರೀಖಿನಿಂದ ನೆನಪಿಟ್ಟವರಲ್ಲ. ಬನದ ಹುಣ್ಣಿಮೆ, ಕಾರ ಹುಣ್ಣಿಮೆ, ಶೀಗಿ ಹುಣ್ಣಿಮೆ, ಹೀಗೆಯೇ ನೆನಪಿಟ್ಟರು. ಕ್ಯಾಲೆಂಡರ್ ಮಾಡುವಾಗಲೂ ಹುಣ್ಣಿಮೆಯನ್ನೇ ಹಿಡಿಯಿರಿ. ತಾರೀಖು ಆಮೇಲೆ ತಾನಾಗಿ ಬರುತ್ತದೆ.

ಯುಗಾದಿಯಿಂದ ಶುರು ಮಾಡಿ

ಜನವರಿಯಿಂದ ಡಿಸೆಂಬರ್ ತನಕ ಹಾಳೆ ಹಾಕಿಕೊಂಡರೆ ಲೆಕ್ಕ ಕೆಡುತ್ತದೆ. ಎಳ್ಳು ಅಮವಾಸ್ಯೆಯನ್ನೇ ನೋಡಿ. ಅದು ಮಾರ್ಗಶಿರ ಮಾಸದ ಅಮವಾಸ್ಯೆ. 2025ರಲ್ಲಿ ಅದು ಡಿಸೆಂಬರ್‌ನಲ್ಲಿ ಬಂತು. ಅದರ ಮುಂದಿನದು 2027ರ ಜನವರಿ 7ರ ಹೊತ್ತಿಗೆ. ಅಂದರೆ 2026 ಅನ್ನುವ ಇಂಗ್ಲಿಷ್ ವರ್ಷದಲ್ಲಿ ಎಳ್ಳು ಅಮವಾಸ್ಯೆಯೇ ಇಲ್ಲ, 2027ರಲ್ಲಿ ಎರಡು ಸಲ! ಹೊಲಕ್ಕೆ ಚರಗ (ಭೂಮಿತಾಯಿಗೆ ಎಡೆ) ಚೆಲ್ಲುವ ಹಬ್ಬ ಒಂದು ವರ್ಷ ಕ್ಯಾಲೆಂಡರ್‌ನಲ್ಲಿ ಕಾಣಿಸದೇ ಹೋದರೆ ಹೇಗೆ? ಯುಗಾದಿಯಿಂದ ಯುಗಾದಿಗೆ ಹಾಕಿದರೆ ಈ ತೊಂದರೆ ಇಲ್ಲ. ನಮ್ಮ ತಿಥಿ ಮೇಲೆ ಬರುವ ಪ್ರತಿ ಹಬ್ಬ ವರ್ಷಕ್ಕೆ ಒಂದೇ ಸಲ, ತಪ್ಪದೇ ಬರುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಕನ್ನಡ ಪಂಚಾಂಗ ಅಥವಾ ತಿಥಿ ಬರೆದಿರುವ ಗೋಡೆ ಕ್ಯಾಲೆಂಡರ್. ಡ್ರಾಯಿಂಗ್ ಶೀಟ್ ಅಳತೆಯ 13 ಹಾಳೆ. ಕಪ್ಪು, ಕೆಂಪು, ಹಸಿರು ಪೆನ್ನು, ಒಂದು ಪೆನ್ಸಿಲ್. ಹನ್ನೆರಡು ತಿಂಗಳಿಗೆ 13 ಹಾಳೆ ಯಾಕೆ ಅಂದರೆ, ಎರಡೂವರೆ ವರ್ಷ ದಾಟಿ ಒಮ್ಮೆ ಅಧಿಕ ಮಾಸ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಆ ಹಾಳೆಯಲ್ಲಿ ಜಾತ್ರೆ, ಆರಾಧನೆ ಬರೆಯಬೇಡಿ. ಅವು ನಿಜ ಮಾಸಕ್ಕೆ ಹೋಗುತ್ತವೆ. ಮಗಳು ಅಳಿಯನನ್ನು ಕರೆದು ಊಟಕ್ಕೆ ಹಾಕುವ ಪದ್ಧತಿ ನಿಮ್ಮ ಮನೆಯಲ್ಲಿ ಇದ್ದರೆ ಅದನ್ನು ಬರೆಯಿರಿ, ಸಾಕು.

ಹಾಳೆಯ ತಲೆಯ ಮೇಲೆ ನಮ್ಮ ತಿಂಗಳ ಹೆಸರು, ಅದರ ಕೆಳಗೆ ಇಂಗ್ಲಿಷ್ ತಾರೀಖುಗಳು. 2026ರ ಮಾರ್ಚ್ 19ರ ಯುಗಾದಿಯಿಂದ ಪರಾಭವ ಸಂವತ್ಸರ, ಅದನ್ನೂ ಮೇಲೆ ಬರೆಯಿರಿ. ಮುಂದೆ ಹಳೆಯ ಹಾಳೆ ಹುಡುಕುವಾಗ ಸಂವತ್ಸರದ ಹೆಸರು ಬೇಗ ಕಣ್ಣಿಗೆ ಬೀಳುತ್ತದೆ.

ಮೊದಲು ಹುಣ್ಣಿಮೆ, ಅಮವಾಸ್ಯೆ

ಕಪ್ಪು ಪೆನ್ನಿನಲ್ಲಿ ಬರೀ ಇವನ್ನೇ ಹಾಕಿ, ಬೇರೆ ಏನೂ ಬೇಡ. ಚೈತ್ರದಿಂದ ಹಿಡಿದು ಹುಣ್ಣಿಮೆಗಳು ಹೀಗೆ: ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲೆಗಡಬು ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ. ಅಮವಾಸ್ಯೆಗಳಲ್ಲಿ ಬಾದಾಮಿ, ಮಣ್ಣೆತ್ತಿನ, ನಾಗರ, ಮಹಾಲಯ, ದೀಪಾವಳಿ, ಛಟ್ಟಿ, ಎಳ್ಳು, ಅವರಾತ್ರಿ, ಶಿವರಾತ್ರಿ, ಯುಗಾದಿ, ಇಷ್ಟು ಹೆಸರು ಸಾಕು. ಮಕ್ಕಳ ಕೈಯಲ್ಲೇ ಬರೆಸಿ. ಪಟ್ಟಣದಲ್ಲಿ ಬೆಳೆದ ಮಕ್ಕಳಿಗೆ ಈ ಹೆಸರುಗಳು ಒಂದೂ ಗೊತ್ತಿಲ್ಲ, ಬರೆದರೆ ಬಾಯಿಗೆ ಬರುತ್ತವೆ.

ಇಲ್ಲಿ ಒಂದು ಕಡೆ ಜನ ಜಾಸ್ತಿ ಎಡವುತ್ತಾರೆ. ಮೊಬೈಲ್‌ನ ಕೆಲವು ಪಂಚಾಂಗ ಆ್ಯಪ್‌ಗಳು ಉತ್ತರ ಭಾರತದ ಲೆಕ್ಕ ತೋರಿಸುತ್ತವೆ. ಅಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ. ನಮ್ಮಲ್ಲಿ ಅಮವಾಸ್ಯೆಗೆ ಮುಗಿಯುತ್ತದೆ. ಶುಕ್ಲ ಪಕ್ಷದಲ್ಲಿ ವ್ಯತ್ಯಾಸ ಇಲ್ಲ, ಬಹುಳದಲ್ಲಿ, ಅಂದರೆ ಕೃಷ್ಣ ಪಕ್ಷದಲ್ಲಿ, ಮಾತ್ರ ತಿಂಗಳ ಹೆಸರೇ ಬೇರೆ. ಮಂತ್ರಾಲಯದ ರಾಯರ ಆರಾಧನೆ ನಮಗೆ ಶ್ರಾವಣ ಬಹುಳ ಬಿದಿಗೆ. ಅದೇ ದಿನವನ್ನು ಆ ಆ್ಯಪ್ ಭಾದ್ರಪದ ಕೃಷ್ಣ ದ್ವಿತೀಯಾ ಅನ್ನುತ್ತದೆ. ಗೊತ್ತಿಲ್ಲದೆ ಅಲ್ಲಿ 'ಶ್ರಾವಣ ಕೃಷ್ಣ ದ್ವಿತೀಯಾ' ಹುಡುಕಿದರೆ ಒಂದು ತಿಂಗಳು ಮೊದಲೇ ಬ್ಯಾಗು ಕಟ್ಟಿಕೊಂಡು ಹೊರಡಬೇಕಾಗುತ್ತದೆ. ಸೆಟ್ಟಿಂಗ್‌ನಲ್ಲಿ ಅಮಾಂತ (ಅಮವಾಸ್ಯೆಗೆ ಮುಗಿಯುವ ತಿಂಗಳು) ಅನ್ನುವುದನ್ನು ಆರಿಸಿ, ಇಲ್ಲವಾದರೆ ಅಚ್ಚಾದ ಕನ್ನಡ ಪಂಚಾಂಗವನ್ನೇ ನಂಬಿ.

ಮಳೆಗಳನ್ನು ಹಸಿರಿನಲ್ಲಿ

ಹುಣ್ಣಿಮೆಯ ತಾರೀಖು ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತದೆ, ಮಳೆ ನಕ್ಷತ್ರದ್ದು ಸರಿಯುವುದಿಲ್ಲ. ಮಳೆಯ ಹೆಸರು ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಇಂಗ್ಲಿಷ್ ತಾರೀಖಿಗೆ ಹೆಚ್ಚುಕಡಿಮೆ ಅಂಟಿಕೊಂಡೇ ಇರುತ್ತದೆ. ಒಂದೊಂದು ಮಳೆ 13–14 ದಿನ. ಒಂದು ದಿನ ಆಚೆ ಈಚೆ ಆಗಬಹುದು ಅಷ್ಟೇ.

ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ ಕೂಡುತ್ತದೆ. ಭರಣಿ ಏಪ್ರಿಲ್ 27, ಕೃತ್ತಿಕಾ ಮೇ 11, ರೋಹಿಣಿ ಮೇ 25. ಮೃಗಶಿರ, ಅಂದರೆ ನಮ್ಮ ಮಿರಗ, ಜೂನ್ 8. ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷಾ ಆಗಸ್ಟ್ 3, ಮಘಾ ಆಗಸ್ಟ್ 17, ಹುಬ್ಬಿ ಆಗಸ್ಟ್ 30, ಉತ್ತರಿ ಸೆಪ್ಟೆಂಬರ್ 13, ಹಸ್ತ ಸೆಪ್ಟೆಂಬರ್ 27, ಚಿತ್ತಿ ಅಕ್ಟೋಬರ್ 10, ಸ್ವಾತಿ ಅಕ್ಟೋಬರ್ 24, ವಿಶಾಖ ನವೆಂಬರ್ 6, ಅನುರಾಧಾ ನವೆಂಬರ್ 19. ಇದನ್ನು ಒಮ್ಮೆ ಬರೆದಿಟ್ಟರೆ ಪ್ರತಿ ವರ್ಷವೂ ಇದೇ.

ಹೆಸರಿನ ಪಕ್ಕದಲ್ಲಿ ಮನೆಯ ಹಿರಿಯರು ಹೇಳುವ ಗಾದೆ ಬರೆಯಿರಿ. 'ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ', 'ಬಂದರೆ ಮಘೆ, ಹೋದರೆ ಹೊಗೆ', ಇಂಥವು. ಇವು ಸುಮ್ನೆ ಪ್ರಾಸಕ್ಕೆ ಹುಟ್ಟಿದ ಮಾತಲ್ಲ. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ. ಅದರಲ್ಲಿ ಜೂನ್‌ಗಿಂತ ಸೆಪ್ಟೆಂಬರ್‌ನದೇ ಪಾಲು ಜಾಸ್ತಿ. ಮಲೆನಾಡಿನವರಿಗೆ ಆರಿದ್ರಾ, ಪುನರ್ವಸು ದೊಡ್ಡವು. ನಮಗೆ ಹುಬ್ಬಿ, ಉತ್ತರಿ, ಹಸ್ತ ಕೈ ಹಿಡಿಯಬೇಕು. ಎರೆ (ಕಪ್ಪು ಮಣ್ಣಿನ) ಹೊಲದ ಬಿಳಿಜೋಳ, ಕಡಲೆ ಆ ಹಸಿಯ ಮೇಲೆಯೇ ನಿಂತಿವೆ. ಬೆಂಗಳೂರಿನಲ್ಲಿ ಅಚ್ಚಾದ ಕೃಷಿ ಕ್ಯಾಲೆಂಡರ್ ಇಟ್ಟುಕೊಂಡು ರಾಯಚೂರಿನ ಹೊಲಕ್ಕೆ ಬೀಜ ಒಯ್ಯುವುದಕ್ಕೆ ಆಗುವುದಿಲ್ಲ, ಅದಕ್ಕೇ ನಮ್ಮ ಹಾಳೆ ನಮಗೆ ಬೇಕು.

ಇನ್ನೊಂದು ಹಸಿರು ಗುರುತು ಕಾಲುವೆ ನೀರಿಗೆ. ತುಂಗಭದ್ರಾ ಎಡದಂಡೆ, ಬಲದಂಡೆ ಕೆಳಗೆ ಹೊಲ ಇದ್ದವರು ಇದಕ್ಕೆ ಜಾಗ ಬಿಡಿ. ನೀರು ಬಿಡುವ ತಾರೀಖು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನ ಆಗುತ್ತದೆ, ಜಲಾಶಯದ ಮಟ್ಟ ನೋಡಿ ಬದಲಾಗುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಎಲ್ಲ ಲೆಕ್ಕವೂ ತಲೆಕೆಳಗಾಗಿತ್ತು. ಹಾಗಾಗಿ ಇದು ಯಾವತ್ತೂ ಪೆನ್ಸಿಲ್‌ನಲ್ಲಿ.

ತಾರೀಖು ಬದಲಾಗದ ದಿನಗಳು

ಇದು ಸುಲಭದ ಭಾಗ. ಸರ್ಕಾರ ಆಚರಿಸುವ ಶರಣರ ಜಯಂತಿಗಳಲ್ಲಿ ಕೆಲವು ಇಂಗ್ಲಿಷ್ ತಾರೀಖಿಗೆ ಗಟ್ಟಿಯಾಗಿ ನಿಂತಿವೆ. ವೇಮನ ಜನವರಿ 19, ಅಂಬಿಗರ ಚೌಡಯ್ಯ ಜನವರಿ 21, ಮಡಿವಾಳ ಮಾಚಿದೇವ ಫೆಬ್ರವರಿ 1, ಸೇವಾಲಾಲ್ ಫೆಬ್ರವರಿ 15, ಸರ್ವಜ್ಞ ಫೆಬ್ರವರಿ 20, ಹೇಮರಡ್ಡಿ ಮಲ್ಲಮ್ಮ ಮೇ 10. ಸೊನ್ನಲಿಗೆಯ ಸಿದ್ಧರಾಮ ಸಂಕ್ರಾಂತಿಯ ಜೊತೆ. ಕ್ರೈಸ್ತ ಸಂತರ ಹಬ್ಬಗಳೂ ಹೀಗೆಯೇ. ಬಳ್ಳಾರಿಯ ಕೆಥೆಡ್ರಲ್ ಸಂತ ಅಂತೋಣಿಯವರ ಹೆಸರಿನದು, ಅವರ ಹಬ್ಬ ಜೂನ್ 13. ಮಾತೆ ಮರಿಯಳ ಜನ್ಮದಿನ ಸೆಪ್ಟೆಂಬರ್ 8. ಈಸ್ಟರ್ ಮಾತ್ರ ಚಂದ್ರನ ಹಿಂದೆ ಹೋಗುತ್ತದೆ: ಮಾರ್ಚ್ 21ಕ್ಕೆ ಅಥವಾ ಅದು ಕಳೆದ ಮೇಲೆ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಅನ್ನುವುದು ಚರ್ಚಿನ ಲೆಕ್ಕ. 2026ರಲ್ಲಿ ಏಪ್ರಿಲ್ 5.

ತಿಥಿ ಮೇಲೆ ಬರುವ ದಿನಗಳು

ಕೆಂಪು ಪೆನ್ನು ತೆಗೆಯಿರಿ. ಕ್ಯಾಲೆಂಡರ್‌ನ ಜೀವ ಇರುವುದು ಇಲ್ಲೇ. ನಿಯಮ ಒಂದೇ: ಮೊದಲು ತಿಥಿ ಬರೆಯಿರಿ, ಪಕ್ಕದಲ್ಲಿ ಆ ವರ್ಷದ ತಾರೀಖು. ತಿಥಿ ಬರೆಯದೆ ಬರೀ ತಾರೀಖು ಬರೆದರೆ ಮುಂದಿನ ವರ್ಷ ಆ ಹಾಳೆ ಕೆಲಸಕ್ಕೆ ಬರುವುದಿಲ್ಲ.

ಕೊಪ್ಪಳದ ಗವಿಸಿದ್ಧೇಶ್ವರ ತೇರು ಪುಷ್ಯ ಬಹುಳ ಬಿದಿಗೆ, ಅಂದರೆ ಬನದ ಹುಣ್ಣಿಮೆ ಆಗಿ ಎರಡನೇ ದಿನ. 2024ರಲ್ಲಿ ಜನವರಿ 27, 2025ರಲ್ಲಿ ಜನವರಿ 15, 2026ರಲ್ಲಿ ಜನವರಿ 5. ವರ್ಷಕ್ಕೆ ಹತ್ತು ಹನ್ನೆರಡು ದಿನ ಹಿಂದಕ್ಕೆ ಬರುತ್ತಿದೆ, ಕಂಡಿತಲ್ಲ? 2026ರ ಅಧಿಕ ಮಾಸ ಕಳೆದ ಮೇಲೆ 2027ರಲ್ಲಿ ಅದು ಮತ್ತೆ ಜನವರಿ ಕೊನೆಯ ವಾರದ ಕಡೆಗೆ ಹೋಗುತ್ತದೆ. ತಿಥಿ ಹಿಡಿದುಕೊಂಡವರಿಗೆ ಇದು ಯಾವುದೂ ಗೊಂದಲವೇ ಅಲ್ಲ.

ತಿಥಿಯ ವಿಷಯದಲ್ಲಿ ಒಂದೆರಡು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಸೂರ್ಯ ಹುಟ್ಟುವಾಗ ಇರುವ ತಿಥಿಯೇ ಆ ದಿನದ ತಿಥಿ. ಆದರೆ ತಿಥಿಯೊಂದು 24 ಗಂಟೆಯೇ ಇರಬೇಕು ಅಂತ ಇಲ್ಲ. ಕೆಲವು ಸಲ ಒಂದೇ ತಿಥಿ ಎರಡು ದಿನ ಇರುತ್ತದೆ, ಕೆಲವು ಸಲ ಒಂದು ತಿಥಿ ಲೋಪ ಆಗುತ್ತದೆ. ಅಂಥ ಕಡೆ ಮಠದವರು, ದೇವಸ್ಥಾನದವರು ಹೇಳುವ ದಿನವೇ ಕೊನೆ ಮಾತು, ನಮ್ಮ ಲೆಕ್ಕ ಅಲ್ಲ. ಕೆಲವು ಜಾತ್ರೆಗೆ ತಿಥಿಯ ಜೊತೆ ವಾರವೂ ಬೇಕು. ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ ಮಂಗಳವಾರ ನಡೆಯುತ್ತದೆ. ಕೆಲವಕ್ಕೆ ನಕ್ಷತ್ರ ಕೂಡಬೇಕು. ಕೊಟ್ಟೂರಿನ ಕೊಟ್ಟೂರೇಶ್ವರ ತೇರು ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ನೋಡಿ ಎಳೆಯುವುದು. ಹಾಗಾಗಿ ಕೆಂಪು ಬರಹದ ಪಕ್ಕ 'ವಾರ' ಅಥವಾ 'ನಕ್ಷತ್ರ' ಅಂತ ಒಂದು ಸಣ್ಣ ಗುರುತು ಹಾಕಿ.

ಮೊಹರಂ, ಉರುಸು: ಪೆನ್ಸಿಲ್‌ನಲ್ಲಿ ಬರೆಯಿರಿ

ರಾಯಚೂರು, ಕೊಪ್ಪಳ ಕಡೆಯ ಕ್ಯಾಲೆಂಡರ್‌ನಲ್ಲಿ ಮೊಹರಂ ಇಲ್ಲ ಅಂದರೆ ಅದು ಪೂರ್ತಿ ಕ್ಯಾಲೆಂಡರ್ ಅಲ್ಲ. ಎಷ್ಟೋ ಊರಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲದಿದ್ದರೂ ಅಲಾಯಿ ದೇವರು (ಮೊಹರಂ ಪಂಜಾಗಳು) ಕೂಡುತ್ತಾರೆ, ಕುಣಿ ತೋಡುತ್ತಾರೆ, ಹೆಜ್ಜೆ ಹಾಕುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್‌ಗೆ ದೂರ ದೂರದಿಂದ ಜನ ಬರುತ್ತಾರೆ. ದುಡಿಯಲು ಗುಳೆ ಹೋದವರು ಯುಗಾದಿಗೆ ಬರದಿದ್ದರೂ ಮೊಹರಂಗೆ ಊರಿಗೆ ಬರುತ್ತಾರೆ.

ಹಿಜ್ರಿ ವರ್ಷವೂ ಚಂದ್ರನದೇ, ಆದರೆ ಅಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಹೋಗುತ್ತಲೇ ಇರುತ್ತದೆ, ಸುಮಾರು 33 ವರ್ಷಕ್ಕೆ ಎಲ್ಲ ಕಾಲವನ್ನೂ ಸುತ್ತಿ ಬರುತ್ತದೆ. ಮೊಹರಂನ ಹತ್ತನೇ ದಿನ 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. 2026ರಲ್ಲಿ ಜೂನ್ 26ರ ಸುಮಾರು, ಅಂದರೆ ಆರಿದ್ರಾ ಮಳೆಯಲ್ಲಿ. ಬಿತ್ತನೆಯೂ ಹಬ್ಬವೂ ಒಟ್ಟಿಗೆ ಬೀಳುವ ವರ್ಷಗಳು ಇವು. ಆಳು ಸಿಗುವುದು ಕಷ್ಟ, ಬೀಜ ಗೊಬ್ಬರ ಮೊದಲೇ ತಂದಿಟ್ಟುಕೊಳ್ಳಬೇಕು. ಈ ಲೆಕ್ಕ ಹಾಳೆಯ ಮೇಲೆ ಕಣ್ಣಿಗೆ ಕಾಣಬೇಕು ಅನ್ನುವುದಕ್ಕೇ ಮಳೆಯನ್ನೂ ಹಬ್ಬವನ್ನೂ ಒಂದೇ ಕಡೆ ಬರೆಯಿರಿ ಅಂತ ಹೇಳುತ್ತಿರುವುದು.

ಪೆನ್ಸಿಲ್ ಯಾಕೆ? ಚಂದ್ರ ಕಂಡ ಮೇಲೆಯೇ ತಿಂಗಳು ಶುರು, ಒಂದು ದಿನ ಆಚೆ ಈಚೆ ಆಗುತ್ತದೆ. ಇಲ್ಲಿಯೂ ಹಿಜ್ರಿ ತಿಂಗಳು, ದಿನ ಮೊದಲು ಬರೆಯಿರಿ. ಕಲಬುರಗಿಯ ಖ್ವಾಜಾ ಬಂದೇನವಾಜರ ಉರುಸು ಜಿಲ್ಕಾದ್ 15ರಿಂದ. ಅಬ್ದುಲ್ ಖಾದಿರ್ ಜೀಲಾನಿಯವರ ನೆನಪಿನ ಗ್ಯಾರವಿ ರಬೀಉಲ್ ಆಖಿರ್ 11. ನಿಮ್ಮ ಊರಿನ ದರ್ಗಾದ ಉರುಸು, ಗಂಧದ ದಿನವನ್ನು ಅಲ್ಲಿಯ ಮುಜಾವರ್ ಅವರನ್ನೇ ಕೇಳಿ ಬರೆದುಕೊಳ್ಳಿ.

ಹಿರಿಯರನ್ನು ಕೇಳುವ ಬಗೆ

ಸಣ್ಣ ಊರಿನ ಹನುಮಪ್ಪನ ಓಕುಳಿ, ಊರಮ್ಮನ ಜಾತ್ರೆ, ಯಾವುದೋ ಅಜ್ಜನ ಪುಣ್ಯತಿಥಿ, ಇವು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಕೇಳಿಯೇ ತಿಳಿಯಬೇಕು. 'ಎಷ್ಟನೇ ತಾರೀಖು?' ಅಂತ ಕೇಳಿದರೆ ಉತ್ತರ ಬರುವುದಿಲ್ಲ. 'ಅಮ್ಮಾ, ನಿಮ್ಮ ತವರಿನ ತೇರು ಯಾವ ಹುಣ್ಣಿಮಿಗೆ ಬರ್ತಿತ್ತು? ಆಗ ಹೊಲದಾಗ ಏನಿತ್ತು?' ಅಂತ ಕೇಳಿ ನೋಡಿ. 'ಕಾರ ಹುಣ್ಣಿಮಿ ಆಗಿ ಐದ ದಿನಕ್ಕ, ಹೆಸರು ಬಿತ್ತಿ ಬರೋರು' ಅಂತ ಉತ್ತರ ಬರುತ್ತದೆ. ಎರಡನೇ ಪ್ರಶ್ನೆ ಬಹಳ ಮುಖ್ಯ. ಹುಣ್ಣಿಮೆಯ ಹೆಸರು ಮರೆತವರಿಗೂ ಆಗ ಸೀತನಿ (ಹಸಿ ಜೋಳದ ತೆನೆ) ಸುಡುತ್ತಿದ್ದರೋ, ಶೇಂಗಾ ಕೀಳುತ್ತಿದ್ದರೋ ಅನ್ನುವುದು ಮರೆತಿರುವುದಿಲ್ಲ.

'ಐದು ದಿನಕ್ಕೆ' ಅಂದರೆ ಹುಣ್ಣಿಮೆಯನ್ನೂ ಸೇರಿಸಿ ಐದೋ, ಬಿಟ್ಟು ಐದೋ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಇಬ್ಬರು ಬೇರೆ ಬೇರೆ ಹೇಳಿದರೆ ಊರಿನ ಪೂಜಾರಿ ಮಾತು ಹಿಡಿಯಿರಿ. ಮೂರು ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಆಗುವ ಜಾತ್ರೆ ಇದ್ದರೆ ಕಳೆದ ಸಲ ಯಾವ ವರ್ಷ ಆಯಿತು ಅನ್ನುವುದನ್ನೂ ಬರೆದಿಡಿ.

ಈಗ ತಿಂಗಳು ತಿಂಗಳು ತುಂಬುವುದು

*ಚೈತ್ರ.* ಬೇವು ಹೂ ಬಿಟ್ಟಿರುತ್ತದೆ, ಬಿಸಿಲು ಏರಿರುತ್ತದೆ. ದವನದ ಹುಣ್ಣಿಮೆ ಒಂದೇ ದಿನಕ್ಕೆ ಮೂರು ಬರಹ ಬೇಕು: ಅಕ್ಕಮಹಾದೇವಿ ಜಯಂತಿ, ಹನುಮ ಜಯಂತಿ, ಹಂಪಿ ವಿರೂಪಾಕ್ಷನ ತೇರು. ಆನೆಗೊಂದಿಯ ಅಂಜನಾದ್ರಿ ಬೆಟ್ಟ ಹತ್ತುವವರು ಬೆಳಗಿನ ಜಾವವೇ ಹತ್ತಿ ಇಳಿಯಬೇಕು, ಹತ್ತು ಗಂಟೆ ಆದಮೇಲೆ ಬಂಡೆ ಕಾಲು ಸುಡುತ್ತದೆ.

*ವೈಶಾಖ.* ತದಿಗೆಗೆ ಬಸವ ಜಯಂತಿ. ಎತ್ತು ಇದ್ದವರು ಎತ್ತಿಗೆ ಪೂಜೆ ಮಾಡುತ್ತಾರೆ. ಆಗಿ ಹುಣ್ಣಿಮೆ ಆದ ಮೇಲೆ ಹುಲಿಗಿಯಲ್ಲಿ ಹುಲಿಗೆಮ್ಮನ ಜಾತ್ರೆ, ಮುನಿರಾಬಾದಿನ ಪಕ್ಕದಲ್ಲೇ. ವರ್ಷದ ಅತಿ ಬಿಸಿ ದಿನಗಳು ಇವು, ರಾಯಚೂರಿನಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಹಾಳೆಯಲ್ಲೇ ನೀರು, ಮಜ್ಜಿಗೆ, ಟವೆಲ್ ಅಂತ ಬರೆದಿಡಿ. ಹುಲಿಗಿಗೆ ಪ್ರತಿ ಹುಣ್ಣಿಮೆಗೂ ಜನ ಇರುತ್ತಾರೆ, ಜಾತ್ರೆಯ ನೂಕುನುಗ್ಗಲು ಬೇಡ ಅನ್ನುವವರು ಬೇರೆ ದಿನ ಆರಿಸಿಕೊಳ್ಳಬಹುದು. ಅಡುಗೆ ಮನೆಗೆ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಕೊಪ್ಪಳದಲ್ಲಿ ತೋಟಗಾರಿಕೆ ಇಲಾಖೆಯ ಮಾವು ಮೇಳವೂ ಮೇ ತಿಂಗಳಲ್ಲೇ.

*ಜ್ಯೇಷ್ಠ, ಆಷಾಢ.* ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಈ ಮೂರಕ್ಕೂ ಮಣ್ಣಿನ ಜೊತೆ ಸಂಬಂಧ, ಮೂರೂ ಬಿತ್ತನೆಯ ಸುತ್ತಲೇ ಇವೆ. ಮಣ್ಣೆತ್ತು, ಗುಳ್ಳವ್ವ ಮಾಡಲು ಎರೆಮಣ್ಣು ಬೇಕು, ಎರಡು ದಿನ ಮೊದಲೇ ತಂದು ನೆನೆಹಾಕಲು ಒಂದು ಗುರುತು ಹಾಕಿ. ಮಿರಗ ಕೂಡಿದ ಮೇಲೆ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಸಜ್ಜೆ, ಶೇಂಗಾ, ತೊಗರಿ, ಹೆಸರು. ಕಡ್ಲೆಗಡಬು ಹುಣ್ಣಿಮೆಗೆ ಹಡಪದ ಅಪ್ಪಣ್ಣ ಜಯಂತಿ.

*ಶ್ರಾವಣ.* ಈ ಹಾಳೆ ತುಂಬಿಹೋಗುತ್ತದೆ, ದೊಡ್ಡದನ್ನೇ ಇಟ್ಟುಕೊಳ್ಳಿ. ಪಂಚಮಿಗೆ ಜೋಕಾಲಿ, ಅಳ್ಳು, ತಂಬಿಟ್ಟು, ಬಗೆ ಬಗೆಯ ಉಂಡೆ. ತಂಗಿ ಅಕ್ಕಂದಿರನ್ನು ಕರೆತರುವ ದಿನವನ್ನೂ ಬರೆಯಿರಿ. ಊರೂರಿನ ಮಠದಲ್ಲಿ ತಿಂಗಳಿಡೀ ಪುರಾಣ, ಪ್ರವಚನ. ನೂಲ ಹುಣ್ಣಿಮೆಗೆ ನುಲಿಯ ಚಂದಯ್ಯ ಜಯಂತಿ. ಅದು ಆದ ಕೂಡಲೇ ಪಾಡ್ಯ, ಬಿದಿಗೆ, ತದಿಗೆ ಮೂರು ದಿನ ಮಂತ್ರಾಲಯದಲ್ಲಿ ರಾಯರ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ. ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದದ್ದು 1671ರಲ್ಲಿ. ಮಂತ್ರಾಲಯ ಆಂಧ್ರದ ಕರ್ನೂಲು ಜಿಲ್ಲೆಗೆ ಸೇರಿದರೂ ರಾಯಚೂರಿನಿಂದ ಹತ್ತಿರ. ಆ ಮೂರು ದಿನ ವಸತಿ ಸಿಗುವುದು ಕಷ್ಟ. ರಾಯಚೂರಿನಲ್ಲಿ ಉಳಿದುಕೊಂಡು ಗಾಣಧಾಳ ಪಂಚಮುಖಿ, ಅಪ್ಪಣ್ಣಾಚಾರ್ಯರ ಬಿಚ್ಚಾಲೆ ನೋಡಿಕೊಂಡು ಹೋಗುವುದು ಒಳ್ಳೆಯದು. ಹೊಲದಲ್ಲಿ ಮುಂಗಾರಿ ಹೆಸರು ಬಿಡಿಸುವ ಕಾಲ.

*ಭಾದ್ರಪದ.* ಗಣೇಶ ಕೂಡುತ್ತಾನೆ, ಅವನು ಹೋದ ಮೇಲೆ ಬುಟ್ಟಿಯಲ್ಲಿ ಜೋಕುಮಾರ ಬರುತ್ತಾನೆ, ಅನಂತನ ಹುಣ್ಣಿಮೆಯವರೆಗೆ. ಶುದ್ಧ ನವಮಿ ಹರಿದಾಸರಾದ ಜಗನ್ನಾಥದಾಸರ ಆರಾಧನೆ. ಅವರು ಮಾನ್ವಿಯಲ್ಲಿ ಇದ್ದವರು, ಹುಟ್ಟಿದ್ದು ಬ್ಯಾಗವಾಟದಲ್ಲಿ, ಕಾಲವಾದದ್ದು 1809ರಲ್ಲಿ. ಉತ್ತರಿ ಮಳೆ ಇದೇ ಹೊತ್ತಿಗೆ. ಬೀಳುವ ಪ್ರತಿ ಮಳೆಯನ್ನು ಈ ಹಾಳೆಯಲ್ಲಿ ಗುರುತು ಮಾಡಿ.

*ಆಶ್ವೀಜ.* ನವರಾತ್ರಿಯಲ್ಲಿ ಊರೂರಲ್ಲಿ ದೇವಿ ಪುರಾಣ ಹಚ್ಚುತ್ತಾರೆ. ಅದನ್ನು ಬರೆದ ಚಿದಾನಂದಾವಧೂತರ ನೆಲೆ ಸಿಂಧನೂರು ಕಡೆಯ ಸಿದ್ಧಪರ್ವತ, ಅಂಬಾಮಠ. ಶೀಗಿ ಹುಣ್ಣಿಮೆಗೆ ವಾಲ್ಮೀಕಿ ಜಯಂತಿ. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತನೆ ಭರಾಟೆ. ಲಂಬಾಣಿ ತಾಂಡಾಗಳಲ್ಲಿ ದವಾಳಿ (ದೀಪಾವಳಿ), ಹೆಣ್ಣುಮಕ್ಕಳು ದೀಪ ಹಿಡಿದು ಮನೆ ಮನೆಗೆ ಹೋಗಿ ಹರಸುತ್ತ ಮೇರಾ ಹಾಡುತ್ತಾರೆ. ಪಕ್ಕದಲ್ಲಿ ತಾಂಡಾ ಇದ್ದರೆ ಒಮ್ಮೆ ಹೋಗಿ ನೋಡಿ.

*ಕಾರ್ತಿಕ.* ಶುದ್ಧ ದಶಮಿ ವಿಜಯದಾಸರ ಆರಾಧನೆ (ಕಾಲವಾದದ್ದು 1755), ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಬಹುಳ ತದಿಗೆ ಕನಕ ಜಯಂತಿ. ಗುಡಿ ಗುಡಿಯಲ್ಲಿ ದೀಪ. ಹತ್ತಿ ಬಿಡಿಸುವುದು ಶುರು.

*ಮಾರ್ಗಶಿರ.* ಹನುಮಮಾಲೆ ಹಾಕಿದವರು ಅಂಜನಾದ್ರಿಗೆ ಬರುವುದು ಈಗ, ಗಂಗಾವತಿ ಆನೆಗೊಂದಿ ರಸ್ತೆ ಆ ದಿನ ತುಂಬಿರುತ್ತದೆ. ಎಳ್ಳು ಅಮವಾಸ್ಯೆಗೆ ಹೊಲಕ್ಕೆ ಚರಗ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕಡುಬು, ಶೇಂಗಾ ಹೋಳಿಗೆ ಬುತ್ತಿ ಕಟ್ಟಬೇಕು. ಹಿಂದಿನ ದಿನ ಯಾರು ಏನು ಮಾಡಬೇಕು ಅನ್ನುವುದನ್ನೂ ಬರೆದರೆ ಮನೆಯ ಹೆಣ್ಣುಮಕ್ಕಳ ಮೇಲೆ ಎಲ್ಲ ಭಾರ ಬೀಳುವುದಿಲ್ಲ. ಹಸಿ ಕಡಲೆ, ಸುಲಗಾಯಿ, ಆಮೇಲೆ ಸೀತನಿ, ಇವುಗಳ ಕಾಲ ಸ್ವಲ್ಪ ದಿನ ಮಾತ್ರ.

*ಪುಷ್ಯ.* ನಮ್ಮ ಮೂರು ಜಿಲ್ಲೆಗೆ ಇದೇ ದೊಡ್ಡ ತಿಂಗಳು. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ, ಎರಡು ದಿನ ಬಿಟ್ಟು ಗವಿಮಠದ ತೇರು. ಗವಿಮಠದ ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ರೊಟ್ಟಿ ಮಾಡಿ ಕಳಿಸುತ್ತಾರೆ, ಜೋಳದ ರೊಟ್ಟಿ ಒಣಗಬೇಕು ಅಂದರೆ ಎರಡು ವಾರ ಮೊದಲೇ ಬಡಿಯಲು ಕೂರಬೇಕು. ಅದಕ್ಕೆ ಹಾಳೆಯಲ್ಲಿ ಬೇರೆ ಗುರುತು. ತೇರಿನ ದಿನ ಹೋಗಲಾಗದಿದ್ದರೆ ಬೇಸರ ಬೇಡ, ಜಾತ್ರೆ ಮುಂದೆಯೂ ದಿನಗಟ್ಟಲೆ ನಡೆಯುತ್ತದೆ, ಪ್ರತಿ ಅಮವಾಸ್ಯೆಗೂ ಮಠಕ್ಕೆ ಜನ ಬರುತ್ತಾರೆ. ಬಹುಳ ಅಷ್ಟಮಿ ಗೋಪಾಲದಾಸರ ಆರಾಧನೆ (1762), ದೇವದುರ್ಗ ಕಡೆಯ ಮೊಸರಕಲ್ಲಿನವರು. ಅಮವಾಸ್ಯೆಗೆ ಪುರಂದರದಾಸರ ಆರಾಧನೆ (1564). ಹಂಪಿಯಲ್ಲಿ ಹೊಳೆ ದಂಡೆಗೆ ಪುರಂದರ ಮಂಟಪ ಇದೆ, ಆ ದಿನ ಅಲ್ಲಿ ಕುಳಿತು ಒಂದು ಪದ ಕೇಳುವ ಸುಖ ಬೇರೆ.

*ಮಾಘ.* ಭಾರತ ಹುಣ್ಣಿಮೆ ಆಗಿ ಎರಡು ದಿನಕ್ಕೆ ಮೈಲಾರದ ಕಾರಣಿಕ (ಭವಿಷ್ಯವಾಣಿ). ಗೊರವಯ್ಯ ಬಿಲ್ಲು ಏರಿ ಹೇಳುವ ಒಂದು ಸಾಲನ್ನು ರೈತರು ಮಳೆ ಬೆಳೆಗೆ ಹಚ್ಚಿ ನೋಡುತ್ತಾರೆ. ಕೇಳಿದ ಸಾಲನ್ನು ಹಾಳೆಯಲ್ಲಿ ಬರೆದಿಡಿ. ಮೈಲಾರ, ಕೊಟ್ಟೂರು, ಹಂಪಿ 2021ರಿಂದ ವಿಜಯನಗರ ಜಿಲ್ಲೆ, ಬಸ್ ಹುಡುಕುವಾಗ ನೆನಪಿರಲಿ. ಜೋಳ, ಕಡಲೆ ರಾಶಿ ಕಾಲ.

*ಫಾಲ್ಗುಣ.* ಶುದ್ಧ ಸಪ್ತಮಿ ರಾಯರು ಹುಟ್ಟಿದ ದಿನ. ಹೋಳಿ, ಕನಕಗಿರಿಯ ಕನಕಾಚಲಪತಿ ಜಾತ್ರೆ, ಬಹುಳ ಚೌತಿಗೆ ಆನೆಗೊಂದಿ ನವಬೃಂದಾವನದಲ್ಲಿ ವ್ಯಾಸರಾಜರ ಆರಾಧನೆ (1539). ನವಬೃಂದಾವನ ನಡುಗಡ್ಡೆ, ದೋಣಿಯಲ್ಲಿ ಹೋಗಬೇಕು, ಹೊಳೆಯಲ್ಲಿ ನೀರು ಎಷ್ಟಿದೆ ಅಂತ ಕೇಳಿಕೊಂಡು ಹೊರಡಿ.

ನಡೆಸಿಕೊಂಡು ಹೋಗುವುದು

ಹಾಳೆಗಳನ್ನು ಅಡುಗೆ ಮನೆ ಬಾಗಿಲ ಪಕ್ಕ ತೂಗುಹಾಕಿ, ದಿನಾ ಎಲ್ಲರ ಕಣ್ಣಿಗೆ ಬೀಳಬೇಕು. ಮಳೆ ಬಿದ್ದ ದಿನ ಹಸಿರು ಚುಕ್ಕೆ, ದೊಡ್ಡ ಮಳೆಗೆ ಎರಡು ಚುಕ್ಕೆ. ಬಿತ್ತಿದ ದಿನ, ರಾಶಿ ಮಾಡಿದ ದಿನ, ಎಷ್ಟು ಚೀಲ ಆಯಿತು, ಅಷ್ಟೇ ಸಾಕು. ನಾಲ್ಕೈದು ವರ್ಷದ ಹಾಳೆ ಕೂಡಿದರೆ ನಿಮ್ಮ ಹೊಲಕ್ಕೆ ಯಾವ ಮಳೆ ನಂಬಿಕಸ್ಥ ಅನ್ನುವುದು ನಿಮಗೇ ಕಾಣುತ್ತದೆ. ಈ ಲೆಕ್ಕ ಬೇರೆ ಯಾರೂ ನಿಮಗೆ ಮಾಡಿಕೊಡುವುದಿಲ್ಲ.

ಯುಗಾದಿಗೆ ವಾರ ಇರುವಾಗ ಹೊಸ ಪಂಚಾಂಗ ತಂದು ಹಳೆಯ ಹಾಳೆಯಿಂದ ತಿಥಿಗಳನ್ನು ಮಾತ್ರ ಇಳಿಸಿಕೊಳ್ಳಿ, ತಾರೀಖು ಹೊಸದಾಗಿ ಹಾಕಿ. ಮಳೆ ನಕ್ಷತ್ರ, ಇಂಗ್ಲಿಷ್ ತಾರೀಖಿನ ಜಯಂತಿಗಳು ಹಾಗೇ ಇರುತ್ತವೆ. ಹಿಜ್ರಿ ದಿನಗಳನ್ನು ಪೆನ್ಸಿಲ್‌ನಲ್ಲಿ 11 ದಿನ ಹಿಂದಕ್ಕೆ ತನ್ನಿ. ಹಳೆಯ 13 ಹಾಳೆಗಳನ್ನು ಹೊಲಿದು ಮೇಲೆ ಸಂವತ್ಸರದ ಹೆಸರು ಬರೆದು ಪೆಟ್ಟಿಗೆಯಲ್ಲಿ ಇಡಿ.

ಬೆಂಗಳೂರು, ಪುಣೆ ಕಡೆ ದುಡಿಯಲು ಹೋದವರಿಗೆ ಪ್ರತಿ ತಿಂಗಳ ಹಾಳೆಯ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ. ರೈಲು ಟಿಕೆಟ್ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನಂತೆ 120 ದಿನ ಅಲ್ಲ. ಗವಿಮಠದ ತೇರು, ಮೊಹರಂ, ನಿಮ್ಮ ಊರಿನ ಜಾತ್ರೆ, ಈ ಮೂರರಿಂದ 60 ದಿನ ಹಿಂದಕ್ಕೆ ಎಣಿಸಿ ಆ ದಿನಕ್ಕೆ 'ಹಂಪಿ ಎಕ್ಸ್‌ಪ್ರೆಸ್ ಟಿಕೆಟ್' ಅಂತ ಕೆಂಪಿನಲ್ಲಿ ಬರೆದುಬಿಡಿ. ಕೊಪ್ಪಳ, ಬಳ್ಳಾರಿಯವರಿಗೆ ಅದೇ ಗಾಡಿ, ಹಬ್ಬದ ಹೊತ್ತಿಗೆ ಬೇಗ ತುಂಬುತ್ತದೆ.